ತಿಂದು ಮುಗಿಸುವ ಪಾಠಗಳು

ಜೂನ್ ೧೨

ಸಾಸಿವೆಯ ತಂದೆಯವರಿಗೆ ನಮಸ್ಕಾರ.

ನಾನು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿರುವ ಶಾಲೆಯ ಟೀಚರ್. ಶಾಲೆ ಅಂದರೆ ದೊಡ್ಡದೇನೂ ಅಲ್ಲ. ಹಿಂದೆ ಹೊದಿಕೆ, ದಿಂಬು ಇಡುತ್ತಿದ್ದ ಒಂದು ಕೋಣೆ, ಎರಡು ಮೇಜು, ಗಾಲಿ ಹಾಕಿಸಿದ ಒಂದು ಕರಿಹಲಗೆ. ಏಳಲಾಗದ ಮಕ್ಕಳ ಹತ್ತಿರಕ್ಕೆ ಹಲಗೆಯನ್ನೇ ತಳ್ಳಿಕೊಂಡು ಹೋಗುತ್ತೇನೆ. ತಿಂಗಳುಗಟ್ಟಲೆ ಇಲ್ಲಿರಬೇಕಾದ ಮಕ್ಕಳು ಓದಿನಲ್ಲಿ ಹಿಂದೆ ಬೀಳಬಾರದೆಂದು ಈ ಏರ್ಪಾಡು. ಪ್ರತಿ ಮಗುವಿನ ಮನೆಗೂ ತಿಂಗಳಿಗೊಂದು ಪತ್ರ ಬರೆಯುವುದು ನಮ್ಮ ರೂಢಿ. ಹೆಚ್ಚಿನವರು ಉತ್ತರ ಬರೆಯುವುದಿಲ್ಲ. ಬರೆಯಲೇಬೇಕೆಂದೂ ಇಲ್ಲ.

ನಿಮ್ಮ ಮಗಳ ಹೆಸರು ಹಾಜರಿ ಪುಸ್ತಕದಲ್ಲಿ ಬೇರೆ ಇದ್ದರೂ, ಅವಳ ಜೊತೆಗಿರುವ ನಿಮ್ಮ ಅಕ್ಕ ಕರೆಯುವ ಹೆಸರೇ ಇಲ್ಲಿಯೂ ನಿಂತುಬಿಟ್ಟಿದೆ. ಗಾತ್ರಕ್ಕೂ ಸಿಡಿಯುವುದಕ್ಕೂ ಹೊಂದುವ ಹೆಸರು.

ನಾನು ಹೇಳಿಕೊಡುವುದು ವಿಜ್ಞಾನ. ವಾರ್ಡಿನಲ್ಲಿ ಗಾಜು ಕೂಡದು, ಬೆಂಕಿ ಕೂಡದು, ಆ್ಯಸಿಡ್ ಎಂಬ ಮಾತೆತ್ತಿದರೆ ಹೆಡ್ ನರ್ಸ್ ಹುಬ್ಬು ಗಂಟಿಕ್ಕುತ್ತಾರೆ. ಹಾಗಾಗಿ ಅಡುಗೆಮನೆಯಲ್ಲಿ ಸಿಗುವ ಪದಾರ್ಥಗಳಲ್ಲೇ ರಸಾಯನಶಾಸ್ತ್ರದ ಪ್ರಯೋಗ ಮಾಡಿಸುತ್ತೇನೆ. ಪಾಠ ಮುಗಿದಾಗ ಪ್ರಯೋಗವನ್ನು ತಿಂದುಬಿಡುವುದು. ಮಾಮೂಲಿ ಶಾಲೆಯಲ್ಲಾದರೆ ಇದು ಮೋಜು, ಇಲ್ಲಿ ತಲೆನೋವು. ಒಬ್ಬರಿಗೆ ಗೋಧಿ ಆಗದು, ಇನ್ನೊಬ್ಬರಿಗೆ ಕಡಲೆಕಾಯಿ ಆಗದು. ನಿಮ್ಮ ಮಗಳಿಗೆ ಉಪ್ಪು, ಹಾಲು, ಬಾಳೆಹಣ್ಣು, ಟೊಮೆಟೊ ಯಾವುದೂ ಆಗದು. ಡಯಾಲಿಸಿಸ್ ನಡೆಯುತ್ತಿರುವುದರಿಂದ ನೀರನ್ನೂ ಅಳೆದೇ ಕುಡಿಯಬೇಕು. ನನ್ನ ನಿಯಮ ಒಂದೇ. ತರಗತಿಯಲ್ಲಿ ಮಾಡಿದ್ದನ್ನು ಅಲ್ಲಿರುವ ಎಲ್ಲರೂ ತಿನ್ನುವಂತಿರಬೇಕು. ಒಬ್ಬರು ತಿನ್ನುವಾಗ ಇನ್ನೊಬ್ಬರು ಬಾಯಿ ನೋಡಬಾರದು.

ಸಾಸಿವೆ ತರಗತಿಗೆ ಬರುತ್ತಾಳೆ, ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಪ್ರಯೋಗದ ತಿನಿಸನ್ನಷ್ಟೇ ಅಲ್ಲ, ಊಟವನ್ನೂ ಮುಟ್ಟುವುದಿಲ್ಲ. ತೂಕ ಇಳಿಯುತ್ತಿದೆ ಎಂದು ಡಾಕ್ಟರು ಹೇಳುತ್ತಿದ್ದಾರೆ. ನೀವು ಫೋನ್ ಮಾಡಿದರೆ ಅವಳು ಮಾತಾಡುವುದಿಲ್ಲವಂತೆ. ಕಾರಣ ನನಗೆ ಬೇಕಾಗಿಲ್ಲ. ಮನೆಯಲ್ಲಿದ್ದಾಗ ಏನು ಇಷ್ಟಪಟ್ಟು ತಿನ್ನುತ್ತಿದ್ದಳು, ಅದನ್ನು ಮಾತ್ರ ತಿಳಿಸಿ.

ವಂದನೆಗಳೊಂದಿಗೆ,
ವಾರ್ಡ್ ಶಾಲೆಯ ಟೀಚರ್


ಜೂನ್ ೨೪

ಟೀಚರ್ ಅವರಿಗೆ ನಮಸ್ಕಾರ.

ನನ್ನ ಬರಹದಲ್ಲಿ ತಪ್ಪಿದ್ದರೆ ಕೆಂಪು ಶಾಯಿ ಹಿಡಿಯಬೇಡಿ. ನಾನು ಹಾಲಿನ ಟ್ಯಾಂಕರ್ ಓಡಿಸುವವನು. ಡೈರಿಯ ಗೇಟಿನ ಹೊರಗೆ ಸಾಲಿನಲ್ಲಿ ನಿಲ್ಲಿಸಿಕೊಂಡು, ಸ್ಟೀರಿಂಗಿನ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಗಾಡಿ ಮುಂದಕ್ಕೆ ಹೋದಾಗಲೆಲ್ಲ ಅಕ್ಷರವೂ ಜಾರುತ್ತದೆ.

ಅವಳಿಗೆ ಹುಳಿ ಅಂದರೆ ಪ್ರಾಣ. ನಿಂಬೆಹೋಳಿಗೆ ಉಪ್ಪು ಸವರಿಕೊಂಡು ಚೀಪುತ್ತಿದ್ದಳು. ಈಗ ಉಪ್ಪಿಲ್ಲದ ಮೇಲೆ ನಿಂಬೆ ಯಾರಿಗೆ ಬೇಕು. ರಜೆಯಲ್ಲಿ ನನ್ನ ಜೊತೆ ಗಾಡಿಯಲ್ಲಿ ಬರುತ್ತಿದ್ದಳು. ಕಾಲು ಮೇಲಕ್ಕಿಟ್ಟುಕೊಂಡು, ದಾರಿಯುದ್ದಕ್ಕೂ ಯಾಕೆ, ಯಾಕೆ ಎಂದು ನನ್ನ ತಲೆ ತಿನ್ನುತ್ತಿದ್ದಳು. ಬೇರೆ ಏನನ್ನಾದರೂ ಬಿಟ್ಟಾಳು, ಯಾಕೆ ಎಂದು ಕೇಳುವುದನ್ನು ಬಿಡುವವಳಲ್ಲ. ನೀವು ಅವಳಿಗೆ ತಿನ್ನು ಅನ್ನಬೇಡಿ. ಯಾಕೆ ಎಂದು ಕೇಳುವ ಹಾಗೆ ಏನಾದರೂ ಮಾಡಿ.

ನನ್ನ ಮೇಲೆ ಅವಳಿಗೆ ಕೋಪ. ಅದು ಹಾಗೇ ಇರಲಿ. ಮನೆಯಲ್ಲಿ ಕೈಗೂಸಿದೆ, ನನ್ನ ಹೆಂಡತಿ ಅದನ್ನು ಬಿಟ್ಟು ಬರುವ ಹಾಗಿಲ್ಲ. ಅಕ್ಕ ಇದ್ದಾಳೆ ಅನ್ನುವುದೊಂದೇ ಧೈರ್ಯ. ನಾನು ಕಾಗದ ಬರೆದೆ ಎಂದು ಸಾಸಿವೆಗೆ ಹೇಳಬೇಡಿ.

ಇಂತಿ ನಮಸ್ಕಾರಗಳು,
ಸಾಸಿವೆಯ ಅಪ್ಪ


ಜುಲೈ ೯

ನಮಸ್ಕಾರ.

ನಿಮ್ಮ ಮಾತು ಫಲಿಸಿತು. ಪೂರ್ತಿ ಅಲ್ಲ, ಒಂದಿಷ್ಟು.

ನೇರಳೆ ಬಣ್ಣದ ಎಲೆಕೋಸನ್ನು ಹೆಚ್ಚಿ ಬಿಸಿನೀರಿನಲ್ಲಿ ನೆನೆಸಿದರೆ ನೇರಳೆ ರಸ ಬಿಡುತ್ತದೆ. ಆ ರಸಕ್ಕೆ ಹುಳಿ ಬಿದ್ದರೆ ಗುಲಾಬಿ ಬಣ್ಣ, ಹುಳಿಗೆ ವಿರುದ್ಧವಾದ ಕ್ಷಾರ ಬಿದ್ದರೆ ನೀಲಿ, ಹಸಿರು. ಕ್ಷಾರಕ್ಕೆಂದು ಎಲ್ಲರೂ ಅಡುಗೆ ಸೋಡಾ ಹಾಕುತ್ತಾರೆ. ಅದರಲ್ಲೂ ಉಪ್ಪಿನ ಅಂಶವೇ ಇರುವುದರಿಂದ ನಿಮ್ಮ ಮಗಳಿಗೆ ಕೂಡದು. ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದಾಗ, ಮೊಟ್ಟೆಯ ಬಿಳಿಭಾಗವೂ ಕ್ಷಾರವೇ ಎಂಬುದು ನೆನಪಾಯಿತು. ಅದು ಅವಳು ತಿನ್ನಲೇಬೇಕೆಂದು ಡಾಕ್ಟರು ಹೇಳಿದ್ದ ಪದಾರ್ಥ. ಇಷ್ಟು ದಿನ ತಟ್ಟೆಯನ್ನು ದೂರ ತಳ್ಳುತ್ತಿದ್ದಳು.

ಮೇಜಿನ ಮೇಲೆ ಮೊಟ್ಟೆಯ ಬಿಳಿ ಹಾಕಿದ ಬಟ್ಟಲಿಟ್ಟು ನಾನು ಏನೂ ಹೇಳದೆ ನಾಲ್ಕು ಹನಿ ರಸ ಹಾಕಿ ಕಲಕಿದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿರುವ, ನಾವೆಲ್ಲ ಬಿಳಿಗಾಲಿ ಎಂದು ಕರೆಯುವ ಹುಡುಗಿ, "ಅಯ್ಯೋ, ಹಸಿರಾಯ್ತು" ಅಂದಳು. ಗೋಡೆಯ ಕಡೆ ಇದ್ದ ತಲೆ ಸ್ವಲ್ಪ ತಿರುಗಿತು.

"ಬಣ್ಣದ ಪುಡಿ ಹಾಕಿದ್ರಾ?" ನಿಮ್ಮ ಮಗಳು ಕೇಳಿದಳು. ನನ್ನೊಡನೆ ಅವಳಾಡಿದ ಮೊದಲ ಮಾತು.

"ಇಲ್ಲ. ಬೇಕಾದ್ರೆ ನೀನೇ ಹಾಕಿ ನೋಡು."

ಅವಳು ರಸವನ್ನು ಮೂಸಿದಳು, ಬೆಳಕಿಗೆ ಹಿಡಿದು ನೋಡಿದಳು, ಬೇರೆ ಬಟ್ಟಲಿಗೆ ತಾನೇ ಹಾಕಿದಳು. "ನೇರಳೆ ಹಾಕಿದ್ರೆ ಹಸಿರು ಯಾಕೆ ಬರುತ್ತೆ?"

ನಾನು ಹೇಳಿದೆ. ನರ್ಸುಗಳ ಕೋಣೆಯ ಮೈಕ್ರೋವೇವಿನಲ್ಲಿ ಅದನ್ನು ಬೇಯಿಸಿ ತಂದಾಗ ಬಿಳಿಗಾಲಿ ಮೂಗು ಮುರಿದಳು. "ನೋಡಿದ್ರೇ ವಾಕರಿಕೆ ಬರುತ್ತೆ."

"ಹಾಗಾದ್ರೆ ನೀನು ತಿನ್ನಬೇಡ," ಎಂದಳು ನಿಮ್ಮ ಮಗಳು.

"ತಿನ್ನಲ್ಲ ಅಂತ ನಾನು ಹೇಳಿದ್ನಾ?"

ಇಬ್ಬರೂ ಪೈಪೋಟಿಯ ಮೇಲೆ ತಿಂದರು. ಆಮೇಲೆ ಬಟ್ಟಲು ತೊಳೆಯುತ್ತಿದ್ದಾಗ ಒಂದು ಮಾತು ನನ್ನ ಕಿವಿಗೆ ಬಿತ್ತು. ಕೇಳಿಸಿಕೊಂಡದ್ದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ. ಬಿಳಿಗಾಲಿ, "ನಿಂಗೆ ಯಾವಾಗ ಆಪರೇಷನ್?" ಎಂದು ಕೇಳಿದಳು. ಸಾಸಿವೆ, "ನಮ್ಮಪ್ಪ ಕಿಡ್ನಿ ಕೊಡಲ್ಲ ಅಂದ" ಎಂದಳು. ಅಳುತ್ತಿರಲಿಲ್ಲ. ಹೊರಗೆ ಬಿಸಿಲಿದೆ ಅನ್ನುವ ಹಾಗೆ ಹೇಳಿದಳು.

ನಾನು ಏನನ್ನೂ ಕೇಳುತ್ತಿಲ್ಲ.

ವಾರ್ಡ್ ಶಾಲೆಯ ಟೀಚರ್


ಜುಲೈ ೨೦

ಟೀಚರ್,

ನೀವು ಕೇಳದೆ ಇದ್ದದ್ದಕ್ಕೇ ಹೇಳುತ್ತಿದ್ದೇನೆ. ಕೇಳಿದ್ದರೆ ಹೇಳುತ್ತಿರಲಿಲ್ಲ.

ನಾನು ಕೊಡುವುದಿಲ್ಲ ಅಂದವನಲ್ಲ. ಹೆಂಡತಿಯ ರಕ್ತ ಹೊಂದಲಿಲ್ಲ, ನನ್ನದು ಹೊಂದಿತು. ಒಂದಾದ ಮೇಲೊಂದು ಟೆಸ್ಟ್ ಮಾಡಿದರು. ನಾನು ಆಗಲೇ ಮಾಲೀಕರ ಹತ್ತಿರ ರಜೆಯ ಮಾತೂ ಆಡಿದ್ದೆ. ಕೊನೆಗೆ ಹೊಟ್ಟೆಯ ಸ್ಕ್ಯಾನ್ ಮಾಡಿದ ಡಾಕ್ಟರು ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು ಕರೆದರು. ನನಗಿರುವುದು ಒಂದೇ ಕಿಡ್ನಿಯಂತೆ. ಹುಟ್ಟಿದಾಗಿನಿಂದಲೂ ಅಷ್ಟೇ. ಇಷ್ಟು ವರ್ಷ ಗಾಡಿ ಓಡಿಸಿದೆ, ಮೂಟೆ ಹೊತ್ತೆ, ಯಾವತ್ತೂ ಗೊತ್ತಾಗಲಿಲ್ಲ. "ನಿಮಗೇನೂ ತೊಂದರೆ ಇಲ್ಲ, ಆರಾಮಾಗಿರಿ" ಅಂದರು ಡಾಕ್ಟರು. ಆರಾಮಾಗಿರುವುದು ಹೇಗೆ ಎಂದು ಅವರನ್ನೇ ಕೇಳಬೇಕಿತ್ತು.

ಅಕ್ಕ ಅದಕ್ಕೂ ಮೊದಲೇ, "ಅಪ್ಪ ಕೊಡ್ತಾನೆ, ಹೆದರಬೇಡ" ಎಂದು ಮಗುವಿಗೆ ಮಾತು ಕೊಟ್ಟಿದ್ದಳು. ಆಮೇಲೆ ನಾನು ಆ ಸುದ್ದಿಯನ್ನೇ ಎತ್ತಲಿಲ್ಲ. ಸಾಸಿವೆ ತಾನೇ ಲೆಕ್ಕ ಹಾಕಿಕೊಂಡಳು, ಅಪ್ಪ ಹಿಂದೆ ಸರಿದ ಅಂತ. ನಾನು ತಿದ್ದಲಿಲ್ಲ. ಯಾಕೆಂದರೆ ಅಪ್ಪ ಒಲ್ಲೆ ಅಂದ ಅಂದುಕೊಂಡರೆ, ಇವತ್ತಲ್ಲ ನಾಳೆ ಅವನ ಮನಸ್ಸು ತಿರುಗೀತು ಅನ್ನುವ ಆಸೆ ಇರುತ್ತದೆ. ಅಪ್ಪನ ಹತ್ತಿರ ಇಲ್ಲವೇ ಇಲ್ಲ ಅಂತ ಗೊತ್ತಾದರೆ ಆಸೆ ಇಟ್ಟುಕೊಳ್ಳುವುದು ಯಾರ ಮೇಲೆ? ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದೇವೆ. ಗುರುತಿಲ್ಲದವರು ಸಾಯಬೇಕು, ಅವರದು ಇವಳಿಗೆ ಹೊಂದಬೇಕು. ಇದನ್ನು ಹತ್ತು ವರ್ಷದ ಮಗುವಿಗೆ ಯಾವ ಬಾಯಲ್ಲಿ ಹೇಳಲಿ?

ಅವಳು ನನ್ನ ಮೇಲೆ ಕೋಪ ಮಾಡಿಕೊಂಡೇ ಇರಲಿ. ಕೋಪವಿದ್ದರೆ ಜೀವವಿರುತ್ತದೆ. ಅಕ್ಕನಿಗೂ ಈ ವಿಷಯ ಗೊತ್ತಿಲ್ಲ. ನಿಮ್ಮಲ್ಲೇ ಇರಲಿ.

ಸಾಸಿವೆಯ ಅಪ್ಪ


ಆಗಸ್ಟ್ ೧೪

ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಈ ತಿಂಗಳು ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ.

ನಿಮ್ಮ ಗುಟ್ಟು ನನ್ನಲ್ಲಿ ಇದೆ. ಆದರೆ ನನಗೆ ಇದರಿಂದ ಸುಸ್ತಾಗಿದೆ ಎಂದು ಹೇಳಿದರೆ ತಪ್ಪು ತಿಳಿಯಬೇಡಿ. ಈ ವಾರ್ಡಿನಲ್ಲಿ ಒಂದೊಂದು ಹಾಸಿಗೆಗೂ ಒಂದೊಂದು ಗುಟ್ಟು. ತಾಯಿಗೆ ಹೇಳಬೇಡಿ ಎನ್ನುವ ತಂದೆ, ಮಗುವಿಗೆ ಹೇಳಬೇಡಿ ಎನ್ನುವ ತಾಯಿ, ಅಮ್ಮನಿಗೆ ಹೇಳಬೇಡಿ ಎನ್ನುವ ಮಗು. ಯಾರ ಮುಂದೆ ಯಾವ ಮುಖ ಇಟ್ಟುಕೊಳ್ಳಬೇಕೆಂಬುದೇ ಒಂದು ಕೆಲಸ. ಮಾಮೂಲಿ ಶಾಲೆಗೆ ವರ್ಗ ಮಾಡಿ ಎಂದು ಅರ್ಜಿ ಹಾಕಿದ್ದೇನೆ.

ಈ ತಿಂಗಳ ಪಾಠ ಸಕ್ಕರೆಯ ಹರಳು. ಬಿಸಿನೀರಿನಲ್ಲಿ ಇನ್ನು ಕರಗಲಾರದು ಅನ್ನುವಷ್ಟು ಸಕ್ಕರೆ ಕರಗಿಸಿ, ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ಸಕ್ಕರೆ ಮೆತ್ತಿದ ದಾರವನ್ನು ಇಳಿಬಿಡುವುದು. ನೀರು ಆರಿದ ಹಾಗೆ, ಅದು ಹಿಡಿದಿಟ್ಟುಕೊಳ್ಳಲಾಗದ ಸಕ್ಕರೆ ದಾರದ ಮೇಲೆ ಹರಳುಗಟ್ಟುತ್ತದೆ. ಅಲುಗಿಸದೆ ದಿನಗಟ್ಟಲೆ ಬಿಡಬೇಕು. ನಿಮ್ಮ ಮಗಳ ದಾರದಲ್ಲಿ ಮಾತ್ರ ಏನೂ ಕಟ್ಟಲಿಲ್ಲ. ಗಳಿಗೆಗೊಮ್ಮೆ ಎತ್ತಿ ನೋಡುತ್ತಿದ್ದರೆ ಎಲ್ಲಿಂದ ಕಟ್ಟೀತು? ಕೊನೆಗೆ ಬಿಳಿಗಾಲಿ ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳು. ಅವಳ ಪ್ಲಾಸ್ಟರ್ ಬಿಚ್ಚಿ ಆಯಿತು, ಮನೆಗೆ ಹೋದಳು. ಹೋಗುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬಳು ಪುಟ್ಟ ಹುಡುಗಿಯಿದ್ದಳು. ಅವಳ ಲೋಟದಲ್ಲಿ ಎಲ್ಲರದಕ್ಕಿಂತ ದೊಡ್ಡ ಹರಳು ಕಟ್ಟಿತ್ತು. ಸೋಮವಾರ ನಾನು ಬಂದಾಗ ಹಾಸಿಗೆಗೆ ಹೊಸ ಹೊದಿಕೆ ಹಾಸಿದ್ದರು. ಮನೆಗೆ ಹೋದಳೆಂದು ನರ್ಸುಗಳು ಮಕ್ಕಳಿಗೆ ಹೇಳಿದ್ದರು.

ಸಾಸಿವೆ ಆ ಲೋಟವನ್ನೇ ನೋಡುತ್ತಿದ್ದಳು. "ಮನೆಗೆ ಹೋಗೋಳು ಇದನ್ನ ಬಿಟ್ಟು ಹೋಗ್ತಿದ್ಲಾ?" ಎಂದಳು. "ಟೀಚರ್, ಅವಳು ಸತ್ತುಹೋದ್ಲಾ?"

ಹೌದು ಎಂದೆ.

"ನಂಗೆ ಗೊತ್ತಿತ್ತು. ನೀವು ಹೇಳ್ತೀರಾ ಇಲ್ವಾ ಅಂತ ನೋಡಿದೆ." ಆಮೇಲೆ, "ನಮ್ಮಪ್ಪ ಆಗಿದ್ರೆ ಹೇಳ್ತಿರಲಿಲ್ಲ," ಎಂದಳು.

ಇದನ್ನು ನೋಯಿಸಲೆಂದು ಬರೆದಿಲ್ಲ. ಬಿಡುವು ಮಾಡಿಕೊಂಡು ಒಮ್ಮೆ ಬನ್ನಿ. ನಿಜವನ್ನು ಹೊರುವ ಶಕ್ತಿ ಅವಳಿಗೆ ಇದೆ.

ವಾರ್ಡ್ ಶಾಲೆಯ ಟೀಚರ್


ಸೆಪ್ಟೆಂಬರ್ ೨

ಟೀಚರ್,

ಪಾಠ ಹೇಳುವುದು ನಿಮ್ಮ ಕೆಲಸ. ಯಾವ ಮಗುವಿಗೆ ಸಾವಿನ ಸುದ್ದಿ ಹೇಳಬೇಕು ಎಂದು ತೀರ್ಮಾನ ಮಾಡುವುದಲ್ಲ. ಆ ರಾತ್ರಿ ನನ್ನ ಮಗಳು ನಿದ್ದೆ ಮಾಡಲಿಲ್ಲವೆಂದು ಅಕ್ಕ ಹೇಳಿದಳು. ಅವಳ ಪಕ್ಕದಲ್ಲಿ ಕೂತಿದ್ದು ಅಕ್ಕ, ನೀವಲ್ಲ. ನಾನೂ ಅಲ್ಲ, ಅದು ನನಗೆ ಗೊತ್ತು.

ನಿಮಗೆ ಮಕ್ಕಳಿದ್ದಾರೋ ಇಲ್ಲವೋ ನಾನರಿಯೆ. ಇದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಇನ್ನು ನನಗೆ ಬರೆಯುವುದು ಬೇಡ.

ಅವಳ ಅಪ್ಪ


ಅಕ್ಟೋಬರ್ ೧

ಪೋಷಕರಿಗೆ,

ನಿಯಮದ ಪ್ರಕಾರ ಕಳಿಸಲೇಬೇಕಾದ ತಿಂಗಳ ವರದಿ.

ಗಣಿತ: ಪರವಾಗಿಲ್ಲ. ಭಾಷೆ: ಓದುತ್ತಾಳೆ, ಬರೆಯುವುದಿಲ್ಲ. ವಿಜ್ಞಾನ: ಮೊಟ್ಟೆಯ ಬಿಳಿಯನ್ನು ಕಡೆದಾಗ ಗಾಳಿ ಸೇರಿ ನೊರೆಯಾಗುವುದು, ಸಕ್ಕರೆ ಹಾಕಿದರೆ ನೊರೆ ನಿಲ್ಲುವುದು. ಕಡೆಯಲು ಕೈಯಲ್ಲಿ ಶಕ್ತಿ ಸಾಲಲಿಲ್ಲ. ಬೇರೆ ಮಕ್ಕಳು ಕಡೆದುಕೊಟ್ಟರು, ನಾನು ಬೇಯಿಸಿ ತಂದೆ. ತಿನ್ನಲಿಲ್ಲ.

ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಾಳೆ.

ಊಟ ಹೀಗೆಯೇ ಮುಂದುವರಿದರೆ ಮೂಗಿನಿಂದ ಕೊಳವೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ಅವರು ನಿಮಗೆ ಬೇರೆಯಾಗಿ ತಿಳಿಸುತ್ತಾರೆ.

ವಾರ್ಡ್ ಶಾಲೆಯ ಟೀಚರ್


ಅಕ್ಟೋಬರ್ ೧೯

ಟೀಚರ್ ಅವರಿಗೆ,

ನಾನು ಮೊನ್ನೆ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತಾಗ ನೀವು ನನ್ನನ್ನು ಬೈದಿದ್ದರೆ ವಾಸಿಯಾಗಿತ್ತು. "ಒಳಗೆ ಬನ್ನಿ, ಕೈ ತೊಳ್ಕೊಳ್ಳಿ" ಅಂದಿರಿ, ಅಷ್ಟೇ. ಅವಳು ನನ್ನನ್ನು ನೋಡಿ ಮತ್ತೆ ಗೋಡೆಗೆ ತಿರುಗಿದಳು. ಎಷ್ಟು ಸಣ್ಣಗಾಗಿದ್ದಾಳೆ ಎಂದು ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು, ಆದರೆ ಕಿವಿಯಲ್ಲಿ ಕೇಳುವುದೇ ಬೇರೆ, ಕಣ್ಣಲ್ಲಿ ನೋಡುವುದೇ ಬೇರೆ.

ಆಮೇಲೆ ನೀವು ಸೇಬಿನ ರಸದ ಪುಟ್ಟ ಚೀಲವನ್ನು ಐಸೂ ಉಪ್ಪೂ ತುಂಬಿದ ದೊಡ್ಡ ಚೀಲದೊಳಗೆ ಹಾಕಿ, ಟವೆಲ್ ಸುತ್ತಿ, "ಇದನ್ನ ಅಲ್ಲಾಡಿಸ್ತಿರಿ, ಈಗ ಬಂದೆ" ಎಂದು ನನ್ನ ಕೈಗೆ ಕೊಟ್ಟು, ಉಳಿದ ಮಕ್ಕಳನ್ನೂ ಕರೆದುಕೊಂಡು ಹೊರಗೆ ಹೋದಿರಿ. ಹೊರಗೆ ನಿಮಗೆ ಕೆಲಸವೇನೂ ಇರಲಿಲ್ಲವೆಂದು ಅಕ್ಕ ಹೇಳಿದಳು. ಒಳಗೆ ನಡೆದದ್ದನ್ನು ನೀವು ಕೇಳಲಿಲ್ಲ. ನೀವು ಕೇಳುವವರಲ್ಲ. ನಾನೇ ಹೇಳುತ್ತೇನೆ.

ನಾನು ಅಲ್ಲಾಡಿಸುತ್ತಿದ್ದೆ. ಅವಳು ಬೆನ್ನು ತಿರುಗಿಸಿಕೊಂಡೇ, "ಹಂಗಲ್ಲ, ಜೋರಾಗಿ" ಅಂದಳು. ಜೋರಾಗಿ ಅಲ್ಲಾಡಿಸಿದೆ. ಕೊನೆಗೆ ತಡೆಯಲಾರದೆ ಎದ್ದು ಬಂದು ಟವೆಲ್ಲಿನ ಒಂದು ತುದಿ ಹಿಡಿದುಕೊಂಡಳು. ಕೈಯಲ್ಲಿ ಹಿಡಿತವೇ ಇರಲಿಲ್ಲ.

"ಸಾಸಿವೆ, ಅಪ್ಪನಿಗೆ ಇರೋದೇ ಒಂದು ಕಿಡ್ನಿ," ಎಂದೆ.

ಅವಳು ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ. "ಇನ್ನೊಂದನ್ನ ಯಾರಿಗೆ ಕೊಟ್ಟೆ?"

"ಯಾರಿಗೂ ಕೊಟ್ಟಿಲ್ಲ. ಹುಟ್ಟಿದಾಗಿಂದ್ಲೂ ಒಂದೇ. ಟೆಸ್ಟ್ ಮಾಡಿಸಿದಾಗ್ಲೇ ಗೊತ್ತಾಗಿದ್ದು."

"ನೀನು ಟೆಸ್ಟ್ ಮಾಡಿಸ್ಕೊಂಡಿದ್ಯಾ?"

"ಹೂಂ. ಎಲ್ಲಾನೂ."

"ನಂಗೆ ಕೊಡೋಕೆ?"

"ಇನ್ಯಾರಿಗೆ ಕೊಡ್ಲಿ."

ಚೀಲದೊಳಗೆ ಐಸು ಸರಬರ ಅನ್ನುತ್ತಿತ್ತು. ಇನ್ನು ಅಳುತ್ತಾಳೆ, ಇನ್ನು ಅಳುತ್ತಾಳೆ ಎಂದು ಕಾದೆ. ನೀವು ಹೇಳಿದ ಹಾಗೆ ಅವಳು ಅಳುವವಳಲ್ಲ. ಪುಟ್ಟ ಚೀಲವನ್ನು ಹೊರಗೆ ತೆಗೆದು, ಮೇಲಿನ ಉಪ್ಪನ್ನು ಒರೆಸಿ, ಬಾಯಿ ಬಿಚ್ಚಿದಳು. ರಸ ಮಂಜಿನ ಹಾಗೆ ಪುಡಿಯಾಗಿತ್ತು. "ಅರ್ಧ ನಂದು. ಇದು ನನ್ನ ಇವತ್ತಿನ ನೀರಿನ ಲೆಕ್ಕಕ್ಕೆ ಸೇರುತ್ತೆ. ಅರ್ಧ ನೀನು ತಿನ್ನು," ಎಂದಳು. ತಿನ್ನುತ್ತಾ ಕೇಳಿದಳು, "ಒಂದೇ ಇರೋರು ನೀರು ಕುಡೀಬಹುದಾ?"

"ಎಷ್ಟು ಬೇಕಾದ್ರೂ."

"ಹಾಗಾದ್ರೆ ಜಾಸ್ತಿ ಕುಡಿ. ಟ್ಯಾಂಕರ್ ಜೋರಾಗಿ ಓಡಿಸಬೇಡ."

ಇಷ್ಟೇ ನಡೆದದ್ದು. ಲಿಫ್ಟಿನಲ್ಲಿ ಜನ ಇದ್ದರು, ಅದಕ್ಕೇ ನಾನು ಮೆಟ್ಟಿಲಲ್ಲಿ ಇಳಿದೆ. ನಿಮಗೆ ಹೇಳಿ ಹೋಗಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ.

ಸಾಸಿವೆಯ ಅಪ್ಪ


ನವೆಂಬರ್ ೧೦

ನಮಸ್ಕಾರ.

ಕೊಳವೆ ಹಾಕುವ ಮಾತು ಸದ್ಯಕ್ಕೆ ನಿಂತಿದೆ. ಊಟ ಸರಿಯಾಗಿದೆ ಎಂದು ಹೇಳಲಾರೆ. ಮದ್ದು ನುಂಗಿದ ಹಾಗೆ ನಾಲ್ಕು ತುತ್ತು ನುಂಗುತ್ತಾಳೆ. ಹಸಿವಿಲ್ಲ, ಆದರೂ ತಿನ್ನುತ್ತೇನೆ ಎನ್ನುತ್ತಾಳೆ. ಪ್ರಶ್ನೆಗಳು ಮತ್ತೆ ಶುರುವಾಗಿವೆ. ಕಿಡ್ನಿಯ ಬಗ್ಗೆ ಡಾಕ್ಟರನ್ನು ಹಿಡಿದು ಕೂರಿಸಿಕೊಂಡು ಕೇಳುತ್ತಾಳೆ. ಅವರೀಗ ಅವಳ ಹಾಸಿಗೆಯನ್ನು ಕೊನೆಗೆ ನೋಡುತ್ತಾರೆ, ಇಲ್ಲದಿದ್ದರೆ ರೌಂಡ್ಸ್ ಮುಗಿಯುವುದಿಲ್ಲವಂತೆ.

ನನ್ನ ವರ್ಗದ ಆದೇಶ ಬಂದಿದೆ. ಬರುವ ತಿಂಗಳು ಹೋಗುತ್ತಿದ್ದೇನೆ. ಮಕ್ಕಳಿಗೆ ಹೇಳಿದಾಗ ಸಾಸಿವೆ, "ಯಾಕೆ?" ಎಂದಳು. ಸುಸ್ತಾಗಿದೆ ಎಂದೆ. "ನಮಗೂ ಸುಸ್ತಾಗಿದೆ, ನಾವೆಲ್ಲಿಗೆ ಹೋಗೋಣ?" ಎಂದಳು. ಆ ದಿನ ಪೂರ್ತಿ ಗೋಡೆಗೆ ಮುಖ ಮಾಡಿ ಕೂತಳು. ಮಾರನೆಯ ದಿನ ತಾನಾಗಿಯೇ ಬಂದು ಹಲಗೆ ಒರೆಸಿಕೊಟ್ಟಳು.

ನನಗೆ ಮಕ್ಕಳಿದ್ದಾರೋ ಎಂದು ಒಮ್ಮೆ ಕೇಳಿದ್ದಿರಿ. ಹದಿನಾಲ್ಕು ವರ್ಷದ ಮಗಳಿದ್ದಾಳೆ. ಇಲ್ಲಿಂದ ಮನೆಗೆ ಹೋಗುವಷ್ಟರಲ್ಲಿ ನನ್ನಲ್ಲಿ ಮಾತು ಉಳಿದಿರುವುದಿಲ್ಲ. ಮೊದಮೊದಲು ಶಾಲೆಯ ಸುದ್ದಿ ಹೇಳಲು ಬರುತ್ತಿದ್ದಳು. ಈಗ ಬಾಗಿಲು ತೆರೆದು, ಒಳಗೆ ಹೋಗಿಬಿಡುತ್ತಾಳೆ. ಅವಳಿಗೇನೂ ಕಾಯಿಲೆ ಇಲ್ಲ. ಅದಕ್ಕೇ ಅವಳ ಸರದಿ ಯಾವಾಗಲೂ ಕೊನೆಗೆ ಬರುತ್ತಿತ್ತು.

ಹೊಸ ಟೀಚರ್ ಚಿಕ್ಕ ವಯಸ್ಸಿನವರು. ಯಾವ ಮಗುವಿಗೆ ಏನು ಆಗುವುದಿಲ್ಲ ಎಂದು ಅವರಿಗೆ ಹೇಳಿಕೊಡಲು ಕೂತರೆ, ನಾನು ಬಾಯಿ ತೆರೆಯುವ ಮೊದಲೇ ಸಾಸಿವೆ ಹೇಳಿ ಮುಗಿಸುತ್ತಾಳೆ.

ನೀವು ಮತ್ತೆ ಬರೆದದ್ದಕ್ಕೆ ಋಣಿ.

ಟೀಚರ್


ಡಿಸೆಂಬರ್ ೨೧

ಅಪ್ಪ,

ಅತ್ತೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಾಳೆ, ಆದರೆ ಅವಳು ಅಳುತ್ತಾ ಹೇಳಿದ್ದರಿಂದ ನಿನಗೆ ಅರ್ಧ ಗೊತ್ತಾಗಿರುವುದಿಲ್ಲ. ಅದಕ್ಕೆ ನಾನು ಸರಿಯಾಗಿ ಬರೆಯುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ಡಾಕ್ಟರು ಬಂದು, ಒಂದು ಕಿಡ್ನಿ ಬಂದಿದೆ, ಹೊಂದುತ್ತದೋ ಇಲ್ಲವೋ ನೋಡಬೇಕು ಅಂದರು. ಪಟ್ಟಿಯಲ್ಲಿ ನನ್ನ ಮುಂದೆ ಇನ್ನೊಬ್ಬರಿದ್ದಾರೆ ಅಂತಲೂ ಮೊದಲೇ ಹೇಳಿದರು. ನಾನೇ ಕೇಳಿದ್ದೆ. ರಕ್ತ ತೆಗೆದುಕೊಂಡರು. ಆಪರೇಷನ್ ಆದರೂ ಆಗಬಹುದು ಎಂದು ದಿನವೆಲ್ಲಾ ಏನೂ ತಿನ್ನಬಾರದು ಅಂದರು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಅದು ಯಾರದು ಅಂತ ಕೇಳಿದೆ. ಹೇಳುವಂತಿಲ್ಲವಂತೆ. ಅವರ ಮನೆಯವರು ಈಗ ಏನು ಮಾಡುತ್ತಿರಬಹುದು ಅಂತ ಯೋಚನೆ ಬಂತು. ಇದನ್ನು ಅತ್ತೆಗೆ ಹೇಳಲಿಲ್ಲ.

ಸಂಜೆ ಡಾಕ್ಟರು ಬಂದು ನನ್ನ ಹಾಸಿಗೆಯ ಮೇಲೆ ಕೂತರು. ಅವರು ಯಾವಾಗಲೂ ನಿಂತೇ ಮಾತಾಡುವುದು, ಅದಕ್ಕೇ ಗೊತ್ತಾಯಿತು. ಅದು ನನ್ನ ಮುಂದಿದ್ದವರಿಗೇ ಹೋಯಿತು. ನನಗಿಂತ ಚಿಕ್ಕವರಂತೆ. ನನಗೆ ತುಂಬ ಕೋಪ ಬಂತು. ಯಾರ ಮೇಲೆ ಅಂತ ಯೋಚಿಸಿದರೆ ಯಾರೂ ಸಿಗಲಿಲ್ಲ. ನೀನೂ ಅಲ್ಲ.

ಅತ್ತೆ ಮೂಲೆಯಲ್ಲಿ ಅಳುತ್ತಿದ್ದಳು. ನರ್ಸ್ ಅವಳ ಬೆನ್ನು ಸವರುತ್ತಿದ್ದರು. ಎಲ್ಲರೂ ನಾನು ಏನು ಹೇಳುತ್ತೇನೆ ಎಂದು ನನ್ನನ್ನೇ ನೋಡುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಏನು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹಸಿವು, ಅಪ್ಪ.

ಊಟದ ಗಾಡಿ ಆಗಲೇ ಹೋಗಿಬಿಟ್ಟಿತ್ತು. ನರ್ಸ್ ಹುಡುಕಿ ತಂದ ಅನ್ನ ತಣ್ಣಗೆ ಆರಿ ಗಟ್ಟಿಯಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.

ನಿನ್ನ ಮಗಳು,
ಸಾಸಿವೆ